ನೆಗೆಣ್ಣಿಯ ಎಮ್ಮೆಯ ಮೆಲುಕು

ಈಚೆಗೊಂದು ದಿನ ನಾನು ಒಂದು ಎಮ್ಮೆಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಹಾಕಿ ಬಹಳ ಹೊತ್ತು ಕುಳಿತಿದ್ದೆ.

ಕ್ಲಾಸಿನಲ್ಲಿ ಗಲಾಟೆ ಮಾಡುವ ಹುಡುಗರನ್ನು ನಾನೇ ಎಷ್ಟೋ ಸಲ ಹೀಗೆ ಕೂಡಿಸಿದ್ದೇನೆ. (ಈಗ ಹಾಗೆಲ್ಲ ಮಾಡುವಂತಿಲ್ಲ, ಬಿಡಿ.) ಆದರೆ ನನ್ನನ್ನೇ ಹಾಗೆ ಕೂಡಿಸಿದವಳು ಮಾದೇವಿ. ನನ್ನ ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ. ಎಮ್ಮೆ ಅವಳದು. ಗೋಡೆ ಮಾತ್ರ ನನ್ನದು.

ಯಾಕೆ ಕುಳಿತೆ? ಅದನ್ನು ಹೇಳಬೇಕಾದರೆ ಮೊದಲು ಇನ್ನೊಂದು ಮಾತು ಹೇಳಿಬಿಡಬೇಕು. ನನಗೆ ಮಾದೇವಿಯನ್ನು ಕಂಡರೆ ಹೊಟ್ಟೆಕಿಚ್ಚು. ಜಗಳ ಇಲ್ಲ, ಮಾತು ಬಿಟ್ಟಿಲ್ಲ, ಹಬ್ಬಕ್ಕೆ ಕರೆಯದೇ ಇದ್ದಿಲ್ಲ. ಕಲಬೆರಕೆ ಇಲ್ಲದ ಹೊಟ್ಟೆಕಿಚ್ಚು, ಅಷ್ಟೇ.

ನಮ್ಮೂರಾದ ಸಗರದಲ್ಲಿ ನಮ್ಮ ಎರಡು ಮನೆ ಒಂದಕ್ಕೊಂದು ಅಂಟಿಕೊಂಡಿವೆ. ಅಣ್ಣತಮ್ಮಂದಿರು ಬೇರೆಯಾದಾಗ ಹಿತ್ತಲಿನ ನಡುವೆ ಒಂದು ಗೋಡೆ ಎದ್ದಿತು. ಆ ಕಡೆ ಅವಳ ಎಮ್ಮೆ ಚಂದ್ರಿ, ಈ ಕಡೆ ನನ್ನ ಎಮ್ಮೆ ಗೌರಿ. ನಾನು ದಿನಾ ಬಸ್ಸು ಹತ್ತಿ ಶಹಾಪುರಕ್ಕೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನನ್ನ ಗಂಡ ಭೀಮರಾಯನಗುಡಿಯ ಆಫೀಸೊಂದರಲ್ಲಿ ಗುಮಾಸ್ತ. ಮಾದೇವಿ ಏಳನೇ ಕ್ಲಾಸು, ಮನೆ, ಹೊಲ, ಎಮ್ಮೆ. ಹೊಟ್ಟೆಕಿಚ್ಚು ಪಡಬೇಕಾದವಳು ನ್ಯಾಯವಾಗಿ ಅವಳಲ್ಲವೇ? ಅವಳು ಪಡುವುದಿಲ್ಲ. ನನಗೆ ಮೈ ಉರಿಯುವುದು ಅದಕ್ಕೇ.

ಎಲ್ಲಕ್ಕೂ ಮೂಲ ಅವಳ ಮನೆಯ ಮೊಸರು. ಗಟ್ಟಿ ಅಂದರೆ ಗಟ್ಟಿ. ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಎಂದು ಓಣಿಯೆಲ್ಲ ಹೇಳುತ್ತದೆ. (ಯಾರೂ ಬೋರಲು ಹಾಕಿ ನೋಡಿಲ್ಲ. ನಾನು ಕೇಳಿದ್ದೇನೆ.) ಹೆಪ್ಪು ಬೇಕಾದವರು ಬಟ್ಟಲು ಹಿಡಿದು ನನ್ನ ಮನೆಯ ಮುಂದೆಯೇ ಹಾದು ಅವಳ ಮನೆಗೆ ಹೋಗುತ್ತಾರೆ. ಓಣಿಯ ಹುಡುಗಿಯೊಬ್ಬಳು ಮದುವೆಯಾಗಿ ಮುದನಾಳಕ್ಕೆ ಹೋಗುವಾಗ ಸೀರೆ ಪೆಟ್ಟಿಗೆಯ ಜೊತೆ ಮಾದೇವಿ ಮನೆಯ ಹೆಪ್ಪನ್ನೂ ಒಯ್ದಳು. ನಮ್ಮ ಅತ್ತೆಯಂತೂ ಇರುವುದು ನನ್ನ ಮನೆಯಲ್ಲಿ, ರೊಟ್ಟಿ ತಿನ್ನುವುದು ನಾನು ಬಡಿದದ್ದನ್ನು, ಆದರೆ ಮೊಸರು ಮಾತ್ರ ಗೋಡೆಯಾಚೆಯದೇ ಬೇಕು.

"ನಮ್ಮನಿ ಮಸರಿಗೇನಾಗ್ಯಾದ ಅತ್ತಿ?" ಎಂದು ಒಮ್ಮೆ ಕೇಳಿಯೇ ಬಿಟ್ಟೆ.

"ಏನೂ ಆಗಿಲ್ಲವ್ವ. ಕುಡ್ಯಾಕ ಛಲೋ ಅದ," ಎಂದರು.

ಹೋದ ಬೇಸಿಗೆಯಲ್ಲಿ ನಾನು ಗೋಡೆಯನ್ನು ಎತ್ತರಿಸಿದೆ. ನಾಯಿ ಹಾರಿ ಬರುತ್ತದೆ ಎಂಬುದು ಸಬೂಬು. ನಿಜ ಏನೆಂದರೆ, ಅವಳು ಹಾಲು ಹಿಂಡಿ ಏಳುವಾಗ ಬಕೆಟ್ಟಿನಲ್ಲಿ ನೊರೆ ಎಲ್ಲಿಯವರೆಗೆ ಬಂದಿದೆ ಎಂದು ನನಗೆ ಕಾಣುತ್ತಿತ್ತು. ಬೆಳಿಗ್ಗೆ ಬೆಳಿಗ್ಗೆ ಅದನ್ನು ನೋಡಿ ಬಸ್ಸು ಹತ್ತಿದರೆ ಆ ದಿನ ಮಕ್ಕಳಿಗೆ ಸುಮ್ಮಸುಮ್ಮನೆ ಬೈಯುತ್ತಿದ್ದೆ. ಗೋಡೆ ಎದ್ದಿತು, ಬಕೆಟ್ಟು ಮರೆಯಾಯಿತು. ಆಮೇಲೆ ಅವಳು ಸ್ಮಾರ್ಟ್‌ಫೋನ್ ತಗೊಂಡಳು. ಈಗ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಸೌಟು ನೆಟ್ಟಗೆ ನಿಂತ ಮೊಸರಿನ ಫೋಟೊ ಬರುತ್ತದೆ, ಕೆಳಗೆ ಒಂದು ಹೂವಿನ ಗುರುತು. ನಾನು ನೋಡಿದ್ದು ಅವಳಿಗೆ ಗೊತ್ತಾಗಬಾರದೆಂದು ಫೋನಿನ ಸೆಟ್ಟಿಂಗ್ ಬದಲಿಸಿ ನೋಡುತ್ತೇನೆ. ನೀವು ನಗಬೇಡಿ. ನಿಮ್ಮಲ್ಲೂ ಎಷ್ಟು ಜನ ಹೀಗೆ ನೋಡುತ್ತೀರಿ ಎಂದು ನನಗೆ ಗೊತ್ತು.

ಈಗ ಗೌರಿಯ ವಿಷಯ. ಗೌರಿ ನನ್ನ ತವರಿನ ಬಳುವಳಿ. ನಾನು ಬಾಣಂತನ ಮುಗಿಸಿ ಸುರಪುರದಿಂದ ಹೊರಡುವಾಗ ಇನ್ನೂ ಕರುವಾಗಿದ್ದ ಅದನ್ನು ಅವ್ವ ಟೆಂಪೋ ಹತ್ತಿಸಿ ಕಳಿಸಿದ್ದಳು. ಇವತ್ತಿಗೂ ಅವ್ವ ಫೋನ್ ಮಾಡಿದರೆ ಮೊದಲ ಪ್ರಶ್ನೆ, "ಗೌರಿ ಹ್ಯಾಂಗದಾಳ?" ನನ್ನ ಸರದಿ ಆಮೇಲೆ. (ಹೌದು, ಇದಕ್ಕೂ ಒಂದಿಷ್ಟು ಉರಿಯುತ್ತದೆ.)

ಎಳ್ಳ ಅಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ನಿಂತ ಬೆಳೆಗೆ ಎಡೆಯ ಅನ್ನದ ಚರಗ ಚೆಲ್ಲಿ, ಅಲ್ಲೇ ಕುಳಿತು ಸಜ್ಜೆ ರೊಟ್ಟಿ, ಭಜ್ಜಿ, ಕಡಬು, ಅನ್ನ ಉಂಡು ಸಂಜೆಗೆ ಮನೆಗೆ ಬರುತ್ತಾರೆ. ಈ ಸಲ ನಾನು ಅಡುಗೆ ಮಾಡಿದ್ದು ಬಹಳ, ಬಂದ ನೆಂಟರು ಕಡಿಮೆ. ಉಳಿದದ್ದು ಒಂದು ದೊಡ್ಡ ಡಬರಿ ತುಂಬ. ಹಬ್ಬದ ಎಡೆಯಲ್ಲಿ ದನಕರುಗಳಿಗೂ ಒಂದು ತುತ್ತು ಇಡುವುದು ಪದ್ಧತಿ. ನಾನು ತುತ್ತಿನಲ್ಲಿ ನಿಲ್ಲಿಸಲಿಲ್ಲ. ಅದೇ ಮಧ್ಯಾಹ್ನ ಹೊಲದಲ್ಲಿ, ಎಲ್ಲರ ಎದುರಿಗೆ ಅತ್ತೆ, "ಚಂದ್ರಿ ಈಗೀಗ ಬಾಳ ಹಾಲ ಇಳಸಾಕತ್ಯಾದ ನೋಡು," ಎಂದಿದ್ದರು. ಆ ಮಾತು ಕಿವಿಯಲ್ಲಿ ಇತ್ತು. ಸಂಜೆ ಇಡೀ ಡಬರಿಯನ್ನು ಗೌರಿಯ ಮುಂದೆ ಸುರಿದೆ. ಸಾಲದೆಂದು ಮೇಲಿಂದ ಜೋಳದ ಹಿಟ್ಟು ಕಲಸಿ ಇಟ್ಟೆ. ನಾಳೆ ಬಕೆಟ್ಟು ತುಂಬಬೇಕು, ಅತ್ತೆ ನೋಡಬೇಕು. ಬೇರೆ ಯೋಚನೆ ಇರಲಿಲ್ಲ.

ಗೌರಿ ಎಲ್ಲ ತಿಂದಳು. ಪಾಪ, ಅವಳಿಗೇನು ಗೊತ್ತು.

ಮರುದಿನ ಎದ್ದು ನೋಡಿದರೆ ತಲೆ ಜೋಲು ಹಾಕಿಕೊಂಡು ನಿಂತಿದ್ದಾಳೆ. ಹೊಟ್ಟೆ ಬಿಗಿದಿದೆ. ಸಗಣಿ ನೀರಾಗಿದೆ, ಹುಳಿ ವಾಸನೆ. ಜೋಳದ ಒಣ ದಂಟಿನ ಕಣಿಕೆ ಮುಂದೆ ಹಿಡಿದರೆ ಮುಖ ತಿರುಗಿಸಿದಳು. ಎಲ್ಲಕ್ಕಿಂತ ಹೆಚ್ಚಾಗಿ, ಬಾಯಿ ಆಡುತ್ತಿಲ್ಲ. ಎಮ್ಮೆ ಮೆಲುಕು ಹಾಕುವುದನ್ನು ನಾವು ದಿನಾ ನೋಡುತ್ತೇವಾದ್ದರಿಂದ ನೋಡುವುದೇ ಇಲ್ಲ. ಅದು ನಿಂತಾಗ ಹಿತ್ತಲೆಲ್ಲ ಬಿಕೋ ಎನ್ನಿಸಿತು.

ಅತ್ತೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. "ದೃಷ್ಟಿ ಆಗ್ಯಾದ." ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಖಾತ್ರಿ. ಎದುರು ಮನೆಯ ಶರಣಮ್ಮ ಅಷ್ಟೊತ್ತಿಗೆ ಬಂದು ನಿಂತಿದ್ದಳು.

"ಯಾರ ಕಣ್ಣರೀ ಟೀಚರ್?" ಎಂದಳು.

ಗೋಡೆಯ ಕಡೆ ಒಮ್ಮೆ ನೋಡಿದೆ, ಅಷ್ಟೇ. ಶರಣಮ್ಮನಿಗೆ ಅಷ್ಟು ಸಾಕು. ನಾನು ಸ್ಕೂಲಿಗೆ ಫೋನ್ ಮಾಡಿ ರಜೆ ಹೇಳುವುದರೊಳಗೆ ಸುದ್ದಿ ಓಣಿಯ ಆ ತುದಿ ಮುಟ್ಟಿತ್ತು.

ದನದ ಡಾಕ್ಟರು ಬಂದರು. ಹೊಟ್ಟೆ ಮುಟ್ಟಿ ನೋಡಿದರು, ಕಿವಿ ಹಚ್ಚಿ ಕೇಳಿದರು.

"ಏನ ತಿನ್ಸೀರಿ?"

"ಕಣಿಕಿ ರೀ. ಹೊಟ್ಟು."

"ಮತ್ತ?"

"ಹಬ್ಬದ ಅನ್ನ, ಒಂದೀಟು."

"ಒಂದೀಟು ಅಲ್ರೀ ಡಾಕ್ಟರ್ರ," ಎಂದರು ಅತ್ತೆ ಬಾಗಿಲಿನಿಂದ. "ಡಬರಿ ತುಂಬ ಹಾಕ್ಯಾಳ. ಮ್ಯಾಲ ಹಿಟ್ಟ ಬ್ಯಾರೆ. ನಾ ನೋಡೀನಿ."

ನೋಡಿದ್ದವರು ಆಗಲೇ ಹೇಳಬಾರದಿತ್ತೇ? ಹೇಳಲಿಲ್ಲ. ನಿವಾಳಿಸುವ ಅವಕಾಶ ಯಾರು ಬಿಡುತ್ತಾರೆ?

ಡಾಕ್ಟರು ನನ್ನ ಕಡೆ ತಿರುಗಿದರು. "ಟೀಚರ್ ಅದೀರಿ, ನಿಮಗ ನಾ ಏನ ಹೇಳ್ಲಿ?"

ಹೇಳಬೇಕಾಗಿಯೇ ಇರಲಿಲ್ಲ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಚಿತ್ರವನ್ನು ಪ್ರತಿ ವರ್ಷ ನಾನು ಬೋರ್ಡಿನ ಮೇಲೆ ಬರೆಯುತ್ತೇನೆ. ಮೊದಲ ಕೋಣೆಯಲ್ಲಿ ಗಾಳಿ ಇಲ್ಲ, ಬೆಳಕಿಲ್ಲ, ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇವೆ. ಅದರಲ್ಲೊಂದು ಜಾತಿಯ ಹೆಸರು ಫೈಬ್ರೊಬ್ಯಾಕ್ಟರ್. ಕಣಿಕೆಯ ನಾರಿಗೆ ಅಂಟಿಕೊಂಡು ಕುಳಿತು ಅದನ್ನು ಒಡೆದು ಕೊಡುವುದು ಅದರ ಕೆಲಸ. ಎಮ್ಮೆಗೆ ತಾನಾಗಿ ನಾರು ಅರಗುವುದಿಲ್ಲ. ಅದು ಕಣಿಕೆ ತಿಂದು ಹಾಲು ಕೊಡುತ್ತದೆ ಎಂದು ನಾವು ಹೊಗಳುತ್ತೇವಲ್ಲ, ಅರ್ಧ ಹೊಗಳಿಕೆ ಈ ಕಣ್ಣಿಗೆ ಕಾಣದ ಜೀವಿಗೆ ಸಲ್ಲಬೇಕು. ಇದಕ್ಕೆ ಗಾಳಿ ತಾಗಬಾರದು, ತಾಗಿದರೆ ಸಾಯುತ್ತದೆ. ಹುಳಿಯೂ ಆಗದು. ಅನ್ನ, ಹಿಟ್ಟು ವಿಪರೀತ ಬಿದ್ದರೆ ಅದನ್ನು ತಿಂದು ಹುಳಿ ಮಾಡುವ ಬೇರೆ ಬ್ಯಾಕ್ಟೀರಿಯಾ ಹೆಚ್ಚಿಕೊಂಡು, ಪಾಪದ ನಾರು ತಿನ್ನುವವು ಸತ್ತುಹೋಗುತ್ತವೆ. ಇದಿಷ್ಟೂ ನನಗೆ ಬಾಯಿಪಾಠ. ಆದರೆ ಡಬರಿ ಎತ್ತುವಾಗ ನನ್ನ ತಲೆಯಲ್ಲಿ ಇದ್ದದ್ದು ಪಾಠವಲ್ಲ, ಚಂದ್ರಿ.

"ಹುಳಿ ಇಳ್ಯಾಕ ಔಷಧ ಕೊಟ್ಟೀನಿ," ಎಂದರು ಡಾಕ್ಟರು. "ಆದ್ರ ಒಳಗ ಸತ್ತಿದ್ದು ಔಷಧದಿಂದ ಹುಟ್ಟಂಗಿಲ್ಲ. ಛಲೋ ಎಮ್ಮಿ ಬಾಯಾಗಿನ ಮೆಲಕು ತಂದು ಇದರ ಬಾಯಾಗ ಹಾಕ್ರಿ. ಹಿರ್ಯಾರು ಮಾಡ್ತಿದ್ರಲ್ಲ, ಅದೇ."

"ಎಲ್ಲಿಂದ ತರ್ಲಿ ರೀ?"

"ಇಲ್ಲೇ ಬಾಜೂಕ ಅದಲ್ರಿ. ಮೊನ್ನಿ ಅದರ ಕರಕ್ಕ ಸೂಜಿ ಮಾಡಾಕ ಹೋಗಿದ್ದೆ. ಅಂಥಾ ಎಮ್ಮಿ ಈ ಊರಾಗ ಇನ್ನೊಂದಿಲ್ಲ. ದೂರದ್ದು ತರಬ್ಯಾಡ್ರಿ, ಗಾಳಿ ತಾಗಿ ಹಾದ್ಯಾಗೇ ಸಾಯ್ತಾವ. ಇವತ್ತೇ ಮಾಡ್ರಿ. ನಾಳಿಗಿ ಬಿಟ್ರ ನನ್ನ ಕೈಯಾಗ ಇಲ್ಲ."

ಅಂಥ ಎಮ್ಮೆ ಈ ಊರಲ್ಲಿ ಇನ್ನೊಂದಿಲ್ಲವಂತೆ. ಸಾಯುತ್ತಿರುವ ಎಮ್ಮೆಯ ಮುಂದೆ ನಿಂತು ಆಡುವ ಮಾತೇ ಇದು?

ಅವರು ಹೋದ ಮೇಲೆ ನಾನು ಗೌರಿಯ ಹಣೆ ಮುಟ್ಟಿದೆ. ಅವಳು ಕಣ್ಣು ಬಿಡಲಿಲ್ಲ. ಸಂಜೆ ಅವ್ವನ ಫೋನ್ ಬರುತ್ತದೆ. ಮೊದಲ ಪ್ರಶ್ನೆ ಯಾವುದು ಎಂದು ಗೊತ್ತೇ ಇದೆ. ಸೆರಗು ಸರಿಮಾಡಿಕೊಂಡು ಮಾದೇವಿಯ ಮನೆಗೆ ನಡೆದೆ.

ಅವಳು ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. "ಬಾ ಅಕ್ಕ," ಎಂದಳು. ಮೊರ ಬದಿಗಿಟ್ಟಳು. ಆಮೇಲೆ ತಣ್ಣಗೆ ಕೇಳಿದಳು, "ದೃಷ್ಟಿ ತಗದ್ರಂತಲ್ಲ. ಕಮ್ಮಿ ಆಗ್ಲಿಲ್ಲೇನು?"

ಎಲ್ಲ ಗೊತ್ತಾಗಿದೆ. ನನ್ನ ಮುಖ ಎಷ್ಟು ಸಣ್ಣದಾಯಿತೆಂದರೆ ಅವಳೇ ಬೇರೆ ಕಡೆ ನೋಡಿದಳು. ಡಾಕ್ಟರು ಹೇಳಿದ್ದನ್ನು ಹೇಳಿದೆ. ಅನ್ನದ ಡಬರಿಯನ್ನೂ ಹೇಳಿದೆ, ಯಾಕೆಂದರೆ ನಾನು ಹೇಳದಿದ್ದರೆ ಅತ್ತೆ ಹೇಳುತ್ತಾರೆ. ಯಾಕೆ ಸುರಿದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

"ಈಗ ಮೇದು ಮಲಗ್ಯಾಳ. ಮೆಲಕು ಹಾಕೋ ಹೊತ್ತು. ನಡಿ," ಎಂದು ಎದ್ದಳು.

ಚಂದ್ರಿಯನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಹಣೆಯ ಮೇಲೆ ಬಿಳಿ ಚುಕ್ಕೆ, ಎಣ್ಣೆ ಹಚ್ಚಿದ ಕೋಡು, ಹೊಳೆಯುವ ಮೈ. ಕಾಲು ಮಡಚಿ ಮಲಗಿ, ಕಣ್ಣು ಅರ್ಧ ಮುಚ್ಚಿ ಬಾಯಿ ಆಡಿಸುತ್ತಿತ್ತು. ನಾನು ಎದುರಿಗೆ ಕುಳಿತ ಕೂಡಲೇ ಬಾಯಿ ನಿಂತಿತು. ಕಣ್ಣು ಪೂರ್ತಿ ತೆರೆಯಿತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕುಳಿತೆವು. ಮಾದೇವಿ ಕುತ್ತಿಗೆ ಸವರಿದಳು, ಗದ್ದದ ಕೆಳಗೆ ಕೆರೆದಳು. ಊಹೂಂ. ನಾನು ಇರುವವರೆಗೆ ಅದು ಹಲ್ಲು ಅಲ್ಲಾಡಿಸಲಿಲ್ಲ.

"ಅಕ್ಕ, ನೀ ಅತ್ಲಾಗ ಮಾರಿ ಮಾಡ್ಕೊಂಡು ಕುಂದ್ರು," ಎಂದಳು ಮಾದೇವಿ. "ಹೊಸಬರು ನೋಡಾಕತ್ರ ಇಕಿ ನಿಲ್ಲಸ್ತಾಳ."

"ನಾ ಹೊಸಬಳೇನು?"

"ಇಕಿಗಿ ಹೊಸಬಳೇ. ಎಂದ್ ಬಂದೀ ಈ ಕಡೆ?"

ತಿರುಗಿ ಕುಳಿತೆ. ಎದುರಿಗೆ ನಾನೇ ಎತ್ತರಿಸಿದ ಗೋಡೆ. ಮೇಲಿನ ವರಸೆಗಳ ಇಟ್ಟಂಗಿ ಇನ್ನೂ ಹೊಸದಾಗಿ ಕೆಂಪಗೆ ಕಾಣುತ್ತಿದ್ದವು. ಆಚೆಯಿಂದ ಗೌರಿ ನರಳುವುದು ಕೇಳುತ್ತಿತ್ತು. ಹಿಂದೆ ಮಾದೇವಿ ಎಮ್ಮೆಯ ಜೊತೆ ಮಾತಿಗೆ ಶುರು ಮಾಡಿದಳು. ಮಗುವನ್ನು ಮಲಗಿಸುವ ದನಿ. ಬಾವಿಯ ನೀರು, ಹಸಿರು ಹುಲ್ಲು, ಕರುವಿನ ತುಂಟಾಟ, ಏನೇನೋ. ನಾನು ಗೌರಿಯ ಜೊತೆ ಒಂದು ದಿನವೂ ಹೀಗೆ ಮಾತಾಡಿದವಳಲ್ಲ. ಮುಂಜಾನೆ ಬಸ್ಸಿನ ಅವಸರದಲ್ಲಿ ನನ್ನ ಬಾಯಿಂದ ಬರುವುದು, "ಸರಿ ಅತ್ಲಾಗ." ಅಷ್ಟೇ. ನಂಬುತ್ತೀರೋ ಇಲ್ಲವೋ, ಆ ಕ್ಷಣದಲ್ಲೂ, ನನ್ನ ಎಮ್ಮೆ ಆಚೆ ಸಾಯುತ್ತಿರುವಾಗಲೂ, ಆ ದನಿಗೂ ನನಗೆ ಹೊಟ್ಟೆ ಉರಿಯಿತು.

ಆಮೇಲೆ ಅವಳು ಇನ್ನೂ ಮೆಲ್ಲಗೆ ಹೇಳಿದಳು. "ಅಕ್ಕ ನೋಡಾಕತ್ತಿಲ್ಲ. ನಿರಾಳ ಮೆಲ್ಲವ್ವ."

ನಾನು ಗೋಡೆಯನ್ನೇ ನೋಡುತ್ತಿದ್ದೆ. ಅಂದರೆ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಬಕೆಟ್ಟು ಗೊತ್ತಿತ್ತು. ಗೋಡೆ ಯಾಕೆ ಎದ್ದಿತು ಎಂದು ಗೊತ್ತಿತ್ತು. ಸ್ಟೇಟಸ್ ನೋಡಿದವರಲ್ಲಿ ನನ್ನ ಹೆಸರು ಯಾಕಿಲ್ಲ ಎಂಬುದೂ ಬಹುಶಃ ಗೊತ್ತಿತ್ತು.

ಹಿಂದಿನಿಂದ ಸದ್ದು ಕೇಳಿತು. ಹೊಟ್ಟೆಯಿಂದ ಒಂದು ಉಂಡೆ ಗಂಟಲಿಗೆ ಏರಿ ಬರುವ ಸದ್ದು, ಆಮೇಲೆ ದವಡೆಯ ಸದ್ದು. ಅಷ್ಟು ಇಂಪಾದ ಸದ್ದು ನಾನು ಬೇರೆ ಕೇಳಿಲ್ಲ. ಮಾದೇವಿ ಎಮ್ಮೆಯ ದವಡೆಯ ಬದಿಯಿಂದ ಕೈ ಹಾಕಿ ಮೆಲುಕನ್ನು ಹಿಡಿ ತುಂಬ ತೆಗೆದಳು. "ಹಿಡಿ, ಮುಷ್ಟಿ ಬಿಗಿ. ಓಡು."

ಓಡಿದೆ. ಹಿತ್ತಲಿನಿಂದ ಅಂಗಳ, ಅಂಗಳದಿಂದ ಓಣಿ. ಬಿಗಿದ ಮುಷ್ಟಿಯಿಂದ ಹಸಿರು ಜೊಲ್ಲು ಮೊಣಕೈವರೆಗೆ ಇಳಿಯುತ್ತಿತ್ತು. ಓಣಿಯಲ್ಲಿ ಶರಣಮ್ಮ. ಇಲ್ಲದೆ ಇರುತ್ತಾಳೆಯೇ? "ಏನ್ರೀ ಟೀಚರ್, ಮುಷ್ಟ್ಯಾಗ ಏನದ?" ಎಂದು ಅಡ್ಡ ನಿಂತಳು. ಬಲಕ್ಕೆ ಹೋದರೆ ಬಲಕ್ಕೆ ಬಂದಳು, ಎಡಕ್ಕೆ ಹೋದರೆ ಎಡಕ್ಕೆ. ಅವಳನ್ನು ದಾಟಿ ಗೌರಿಯ ಹತ್ತಿರ ಮುಟ್ಟುವಾಗ ಮೆಲುಕು ತಣ್ಣಗಾಗಿತ್ತು. ನನ್ನ ಗಂಡ ಆಫೀಸಿನಿಂದ ಓಡಿ ಬಂದು ಗೌರಿಯ ಬಾಯಿ ಹಿಡಿದಿದ್ದರು. ಹಾಕಿದೆವು. ಎಷ್ಟು ಬದುಕಿದ್ದವೋ, ಎಷ್ಟು ಸತ್ತಿದ್ದವೋ.

ಎರಡನೆಯ ಸಲಕ್ಕೆ ಹೊರಟು ನಿಂತಿದ್ದೆ. ಗೋಡೆ ಧಡ್ ಎಂದಿತು. ಇನ್ನೊಮ್ಮೆ ಧಡ್. ಮಣ್ಣು ಉದುರಿತು, ಒಂದು ಇಟ್ಟಂಗಿ ಈ ಕಡೆ ಬಿತ್ತು, ಹಿಂದೆಯೇ ಮತ್ತೆರಡು. ಸಂದಿಯಲ್ಲಿ ಹಾರೆಯ ತುದಿ ಕಂಡಿತು, ಆಮೇಲೆ ಮಾದೇವಿಯ ಮುಖ.

"ನಾಳಿ ಕಟ್ಟಿಸ್ಕೋ ಅಕ್ಕ," ಎಂದಳು. "ಇವತ್ತ ಹಾದಿ ಬೇಕು."

ಹೇಳಿ ಕೇಳಿ ನನ್ನ ಗೋಡೆ, ನನ್ನ ಸಿಮೆಂಟು. ಆದರೂ ಕೈ ಚಾಚಿದೆ. ಅಲ್ಲಿಂದಾಚೆ ಸಂದಿಯಲ್ಲಿ ಅವಳ ಕೈ ಬರುತ್ತಿತ್ತು, ಅದರಡಿ ನನ್ನ ಕೈ ಹೋಗುತ್ತಿತ್ತು. ಬಿಸಿ ಆರುವ ಮೊದಲೇ ಮೆಲುಕು ಗೌರಿಯ ಗಂಟಲಿಗೆ ಇಳಿಯುತ್ತಿತ್ತು. ನಡುವೆ ಅವ್ವನ ಫೋನ್ ಬಂತು. ನಾನು ಎತ್ತಲಿಲ್ಲ. ಎತ್ತಿ ಏನು ಹೇಳಲಿ?

ಹೊತ್ತು ಮುಳುಗುವ ಮುಂಚೆ ಗೌರಿ ಒಂದು ದೊಡ್ಡ ತೇಗು ತೇಗಿದಳು. ಅತ್ತೆ ಕೈ ಮುಗಿದರು. ಮರುದಿನ ಮುಂಜಾನೆ ಒಂದು ಕಣಿಕೆ ಮೂಸಿ ನೋಡಿ ಎಳೆದುಕೊಂಡಳು. ಆ ಮಧ್ಯಾಹ್ನ, ನಾನು ನೋಡುತ್ತ ನಿಂತಿರುವಾಗಲೇ, ಅವಳ ಗಂಟಲಲ್ಲಿ ಉಂಡೆ ಏರಿತು, ದವಡೆ ಆಡಿತು. ನನಗೆ ಕಣ್ಣೀರು ತಡೆಯಲಾಗಲಿಲ್ಲ. ಅವ್ವನಿಗೆ ನಾನೇ ಫೋನ್ ಮಾಡಿದೆ.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿತ್ತು. ನಾನು ಬದಲಾದೆ, ನೆಗೆಣ್ಣಿಯನ್ನು ಅಪ್ಪಿಕೊಂಡೆ, ಹೊಟ್ಟೆಕಿಚ್ಚು ಸುಟ್ಟುಹೋಯಿತು ಎಂದು ಬರೆಯಬಹುದಿತ್ತು. ಆದರೆ ಮುಂದೆ ಏನಾಯಿತು ಕೇಳಿ.

ಗೌರಿ ಮತ್ತೆ ಹಾಲು ಇಳಿಸಿದಳು. ಮೊಸರು ಹೆಪ್ಪುಗಟ್ಟಿತು. ಗಟ್ಟಿಯಾಗಿ, ನೀರೊಡೆಯದೆ. ನಾನು ಸೌಟು ನಿಲ್ಲಿಸಿ ನೋಡಿದೆ. ನಿಂತಿತು. ಮೊಟ್ಟಮೊದಲ ಬಾರಿಗೆ ಅತ್ತೆ ನಮ್ಮ ಮನೆಯ ಮೊಸರನ್ನು ರೊಟ್ಟಿಗೆ ಹಚ್ಚಿಕೊಂಡರು.

"ಮಾದೇವಿ ಮನಿ ಮಸರಿನಂಗೇ ಆಗ್ಯಾದ," ಎಂದರು. "ಆಗ್ದೇ ಏನು? ಮೆಲಕು ಅಕಿದೇ ಅಲ್ಲ?"

ಮೊಸರು ಮಾಡುವ ಬ್ಯಾಕ್ಟೀರಿಯಾ ಬೇರೆ, ಹೊಟ್ಟೆಯೊಳಗಿನದು ಬೇರೆ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದು ನಾನು ವಿಜ್ಞಾನದ ಟೀಚರಾಗಿ ವಿವರಿಸಿದೆ. ಯಾರು ಕೇಳುತ್ತಾರೆ? ಶರಣಮ್ಮ ಬಟ್ಟಲು ಹಿಡಿದು ನನ್ನ ಬಾಗಿಲಿಗೇ ಬಂದಳು. ಹೆಪ್ಪು ಹಾಕಿಸಿಕೊಂಡು, "ಅವ್ರ ಮನಿಗಿ ಹೋಗೋದೇ ಬ್ಯಾಡ ಈಗ. ಅಲ್ಲಿಂದೇ ಇಲ್ಲಿ ಸಿಗ್ತದ," ಎಂದಳು. ನನ್ನ ಗಂಡ ನಕ್ಕರು. ಆ ರಾತ್ರಿ ಅವರಿಗೆ ಸಾರಿಗೆ ಉಪ್ಪು ಹಾಕಲಿಲ್ಲ.

ಯೋಚಿಸಿ ನೋಡಿದ್ದೇನೆ. ಯಾದಗಿರಿಯಲ್ಲಿ ಯಾರೋ ಮೂರಂತಸ್ತು ಕಟ್ಟಿದರೆ ನನಗೆ ಏನೂ ಆಗುವುದಿಲ್ಲ. ಟಿವಿಯಲ್ಲಿ ಯಾರದೋ ಬಂಗಲೆ ಕಂಡರೆ "ಚಂದ ಅದ" ಎಂದು ಚಹಾ ಕುಡಿಯುತ್ತೇನೆ. ಮಾದೇವಿ ಹೊಸ ಬಕೆಟ್ಟು ತಂದರೆ ಮಾತ್ರ ನಿದ್ದೆ ಬರುವುದಿಲ್ಲ. ನೀವು ಹಾಗಲ್ಲವೇ? ನಿಮ್ಮ ನಿದ್ದೆ ಕೆಡಿಸಿದವರು ಯಾರು? ದೊಡ್ಡ ಸಾಹುಕಾರರೋ, ಅಥವಾ ಪಕ್ಕದ ಟೇಬಲ್ಲಿನವರೋ? ನನ್ನೊಳಗೆ ಇರುವುದು ಕೂಡ ಗಾಳಿ ಬೆಳಕು ಬೇಡದ ಜಾತಿ. ಇಲ್ಲಿ ಹೀಗೆ ಬರೆದು ಗಾಳಿಗೆ ಇಟ್ಟರೆ ಸಾಯಬಹುದೇನೋ ಎಂದು ನೋಡುತ್ತಿದ್ದೇನೆ. ಇಷ್ಟು ಬರೆದರೂ ಸತ್ತ ಲಕ್ಷಣವಿಲ್ಲ.

ಗೋಡೆಯ ಸಂದಿಯನ್ನು ನಾನು ಕಟ್ಟಿಸಿಲ್ಲ. "ಯಾವಾಗ ಕಟ್ಟಸ್ತೀ?" ಎಂದು ಗಂಡ ಕೇಳುತ್ತಲೇ ಇರುತ್ತಾರೆ. ಗೌಂಡಿ ಸಿಗುತ್ತಿಲ್ಲ ಎನ್ನುತ್ತೇನೆ. ಮಾದೇವಿಯೂ ಮುಚ್ಚಿಲ್ಲ. ಈಗ ಹಬ್ಬದ ಹೋಳಿಗೆ ಅಲ್ಲಿಂದಲೇ ಬರುತ್ತದೆ, ನನ್ನ ಮಗಳ ಹಳೆಯ ಪುಸ್ತಕ ಅವಳ ಮಗಳಿಗೆ ಅಲ್ಲಿಂದಲೇ ಹೋಗುತ್ತದೆ. ಓಣಿಯವರು ನೆಗೆಣ್ಣಿಯರು ಒಂದಾದರು ಎನ್ನುತ್ತಾರೆ. ಎನ್ನಲಿ.

ಆ ಸಂದಿಯಿಂದ ಇನ್ನೊಂದು ಅನುಕೂಲವಿದೆ. ಅವಳ ಬಕೆಟ್ಟು ನೇರವಾಗಿ ಕಾಣುತ್ತದೆ. ಮುಂಜಾನೆ ನಾನು ಗೌರಿಯ ಮಗ್ಗುಲಲ್ಲಿ, ಅವಳು ಚಂದ್ರಿಯ ಮಗ್ಗುಲಲ್ಲಿ. ನಾನೂ ಈಗ ಗೌರಿಯ ಜೊತೆ ನಾಲ್ಕು ಮಾತಾಡುತ್ತೇನೆ. ಆ ಕಡೆ ಮಾದೇವಿ ಕೆಚ್ಚಲಿಗೆ ಕೈ ಹಾಕುವ ಮೊದಲು ಎಮ್ಮೆಯ ಕುತ್ತಿಗೆ ಸವರಿ, ನನಗೆ ಚೆನ್ನಾಗಿ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಾಳೆ, "ಅಕ್ಕ ನೋಡಾಕತ್ತಿಲ್ಲ. ಇಳಸವ್ವ."

ನೀವೇ ಹೇಳಿ, ಇಷ್ಟು ಕೇಳಿದ ಮೇಲೂ ನೋಡದೆ ಹೇಗಿರಲಿ?